ತಪ್ಪಿ ಇಳಿದ ಊರು

ಅಟ್ಟದ ಮೇಲೆ, ದೊಡ್ಡ ಕೊಳದಪ್ಪಲೆಯ ಹಿಂದೆ, ಮೂವತ್ತು ವರ್ಷಕ್ಕೂ ಮೇಲೆ ಮಲಗಿದ್ದ ಚೀಲವನ್ನು ಕಳೆದ ಭಾನುವಾರ ಕೆಳಗಿಳಿಸಿದೆ. ಬೆನ್ನಿಗೆ ಹಾಕಿಕೊಳ್ಳುವ, ಒಳಗೆ ಅಲ್ಯೂಮಿನಿಯಂ ಪಟ್ಟಿಯಿರುವ, ಒಂದು ಕಾಲಕ್ಕೆ ನೀಲಿಯಾಗಿದ್ದ ಚೀಲ. ಜಿಪ್ಪು ಜಪ್ಪಯ್ಯ ಅಂದರೂ ಅಲ್ಲಾಡಲಿಲ್ಲ. ಹೇಗೋ ಬಿಚ್ಚಿ ಒಳಗೆ ಕೈ ಹಾಕಿದರೆ, ನೀರು ತಡೆಯಲೆಂದು ಬಳಿದಿದ್ದ ಲೇಪ ಹಲಸಿನ ಮೇಣದ ಹಾಗೆ ಅಂಗೈಗೆಲ್ಲ ಅಂಟಿಕೊಂಡಿತು.

ಕೊಬ್ಬರಿ ಎಣ್ಣೆ ತಂದುಕೊಟ್ಟ ಹೆಂಡತಿ ಅಲ್ಲಿಯೇ ನಿಂತು ಹೇಳಿದಳು: "ಹಳೇ ಪೇಪರ್‌ನವನಿಗೆ ಸುಮ್ನೆ ಕೊಟ್ರೂ ತಗೊಳಲ್ಲ ಅದನ್ನ. ಹೊತ್ಕೊಂಡು ಯುರೋಪ್ ತಿರುಗ್ತಾರಂತೆ! ಮೊನ್ನೆ ಗ್ಯಾಸ್ ಸಿಲಿಂಡರ್ ಸರಿಸಿ ಮೂರು ದಿನ ಮಲಗಿದ್ದು ಮರ್ತೋಯ್ತೇನ್ರಿ?"

ಮರೆತಿರಲಿಲ್ಲ. ಆದರೆ ಚೀಲದ ತಲೆಯ ಮೇಲಿನ ಜೇಬಿನಲ್ಲಿ ಎರಡು ನೋಟು ಸಿಕ್ಕವು. ಆಮೇಲೆ ಸೊಂಟದ ನೆನಪು ಯಾರಿಗೆ ಬೇಕು?

ಒಂದು, ಹತ್ತು ಜರ್ಮನ್ ಮಾರ್ಕಿನದು. ಅದರ ಮೇಲೆ ಗಣಿತಜ್ಞ ಕಾರ್ಲ್ ಫ್ರೀಡ್ರಿಕ್ ಗೌಸ್, ಪಕ್ಕದಲ್ಲಿ ಅವನದೇ ಗಂಟೆಯಾಕಾರದ ರೇಖೆ, ಸಮೀಕರಣ ಸಮೇತ. ಇನ್ನೊಂದು ಇಟಲಿಯ ಸಾವಿರ ಲಿರಾ, ಮರಿಯಾ ಮಾಂಟೆಸ್ಸೊರಿಯ ಚಿತ್ರದ್ದು. 2002ರ ಜನವರಿಯಲ್ಲಿ ಯೂರೋ ನೋಟು ಬಂದ ಮೇಲೆ ಎರಡಕ್ಕೂ ಚಲಾವಣೆ ಇಲ್ಲ. ಆದರೂ ಎರಡರ ಗತಿ ಒಂದೇ ಅಲ್ಲ. ಜರ್ಮನಿಯ ಬುಂಡೆಸ್‌ಬ್ಯಾಂಕ್ ಇವತ್ತಿಗೂ ಮಾರ್ಕು ತೆಗೆದುಕೊಂಡು ಯೂರೋ ಕೊಡುತ್ತದೆ, ಗಡುವೇ ಇಲ್ಲ. ಒಂದು ಯೂರೋಗೆ 1.95583 ಮಾರ್ಕು, ಆ ದರವೂ ಬದಲಾಗಿಲ್ಲ. ಇಟಲಿ ಮಾತ್ರ 2011ರ ಡಿಸೆಂಬರಿನಲ್ಲಿಯೇ ಬಾಗಿಲು ಹಾಕಿಬಿಟ್ಟಿತು. ಹೀಗಾಗಿ ನನ್ನ ಗೌಸ್ ಇನ್ನೂ ಜೀವಂತ, ಅವನ ಬೆಲೆ 5 ಯೂರೋ 11 ಸೆಂಟ್. ಮಾಂಟೆಸ್ಸೊರಿ ಬರೀ ಚಿತ್ರಪಟ.

1994ರಲ್ಲಿ ನಾನೂ ಧಾರವಾಡದ ಗೆಳೆಯನೂ ಕಂಪನಿಯ ತರಬೇತಿಗೆಂದು ಆರು ತಿಂಗಳು ಸ್ಟುಟ್‌ಗಾರ್ಟಿನ ಹತ್ತಿರ ಇದ್ದೆವು. ದಿನಭತ್ಯೆಯಲ್ಲಿ ಬ್ರೆಡ್ಡು, ಬಾಳೆಹಣ್ಣು, ಚಟ್ನಿಪುಡಿಯ ಮೇಲೆಯೇ ಬದುಕಿ ಉಳಿಸಿದ ಹಣದಲ್ಲಿ ಕೊನೆಯ ಮೂರು ವಾರ ರೈಲು ಪಾಸು ಕೊಂಡು ಅಲೆದೆವು. ಅವತ್ತು ಪಾಸಿನಲ್ಲಿ 26ರೊಳಗಿನವರಿಗೆ ರಿಯಾಯಿತಿ. ನನಗೆ 27. ಈಗ ಮತ್ತೆ ಹೋಗೋಣವೆಂದು ಯೂರೇಲ್ ಪಾಸಿನ ನಿಯಮ ನೋಡಿದರೆ, 27ರವರನ್ನೂ ಯುವಕರ ಲೆಕ್ಕಕ್ಕೆ ಸೇರಿಸಿಕೊಂಡಿದ್ದಾರೆ. ನನ್ನ ಮಟ್ಟಿಗೆ ಮೂವತ್ತು ವರ್ಷ ತಡವಾಯಿತು. ಹೋಗಲಿ, ಹಿರಿಯರಿಗೆ ಶೇ. 10 ಕಡಿಮೆಯಂತೆ. ಅದು 60 ತುಂಬಿದವರಿಗೆ, ನನಗೆ 59. ಅಂದು ಮುದುಕ, ಇಂದು ಎಳಸು. ಪ್ರಯಾಣ ಶುರುವಾಗುವ ದಿನದ ವಯಸ್ಸೇ ಲೆಕ್ಕ ಎಂದು ಮಗಳು ಓದಿ ಹೇಳಿದ ಮೇಲೆ ಯಾತ್ರೆಯನ್ನು ಮುಂದಿನ ಮೇ ತಿಂಗಳಿಗೆ ಹಾಕಿದ್ದೇವೆ. ಏಪ್ರಿಲ್‌ನಲ್ಲಿ ಹುಟ್ಟಿದಹಬ್ಬ, ಆ ತಿಂಗಳ ಕೊನೆಗೆ ನಿವೃತ್ತಿ. ಷಷ್ಟ್ಯಬ್ದಿಗೆ ಹೋಮ ಮಾಡಿಸಬೇಕೆಂದಿದ್ದ ತಮ್ಮನಿಗೆ ಇನ್ನೂ ವಿಷಯ ತಿಳಿಸಿಲ್ಲ.

ಆ ಮೂರು ವಾರದಲ್ಲಿ ಏನೇನು ನೋಡಿದೆವೆಂದು ಕೇಳಿದರೆ ನನ್ನ ಉತ್ತರ ಎಲ್ಲರದ್ದೇ: ಐಫೆಲ್ ಗೋಪುರ, ಆಮ್‌ಸ್ಟರ್‌ಡ್ಯಾಮಿನ ಕಾಲುವೆ, ವಿಯೆನ್ನಾದ ಅರಮನೆ. ಅವೆಲ್ಲ ಕ್ಯಾಲೆಂಡರಿನಲ್ಲೂ ಇರುತ್ತವೆ. ನೆನಪಿನಲ್ಲಿ ನಿಂತಿರುವುದು ನಾವು ಹೋಗಬೇಕೆಂದೇ ಇರದ ಬೊಲೊನ್ಯ.

ಆಗ ನಮ್ಮ ಕೈಯಲ್ಲಿದ್ದ ಏಕೈಕ ಶಾಸ್ತ್ರಗ್ರಂಥ ಥಾಮಸ್ ಕುಕ್ ಟೈಮ್‌ಟೇಬಲ್. 1873ರಿಂದ ಹೊರಬರುತ್ತಿದ್ದ, ಕೆಂಪು ಹೊದಿಕೆಯ, ಪಂಚಾಂಗಕ್ಕಿಂತ ಸಣ್ಣ ಅಕ್ಷರದ ಪುಸ್ತಕ. ಸಂಜೆ ಯಾವುದಾದರೂ ಸ್ಟೇಷನ್ನಿನ ಬೆಂಚಿನ ಮೇಲೆ ಕೂತು ಅದನ್ನು ಬಿಚ್ಚುವುದು. ರಾತ್ರಿಯಿಡೀ ಓಡುವ ಗಾಡಿ ಯಾವುದೆಂದು ಹುಡುಕುವುದು. ಅದು ಬೆಳಿಗ್ಗೆ ಎಲ್ಲಿಗೆ ಮುಟ್ಟುತ್ತದೋ ಅದೇ ಮರುದಿನದ ಊರು. ಹಾಸ್ಟೆಲ್ಲಿನ ದುಡ್ಡು ಉಳಿಯುತ್ತಿತ್ತು. ವಿಯೆನ್ನಾದಲ್ಲಿ ಹಾಗೆ ಹುಡುಕಿ ವೆನಿಸ್ಸಿಗೆಂದು ಹತ್ತಿದೆವು. ಆ ಗಾಡಿಯ ಒಂದಷ್ಟು ಡಬ್ಬಿಗಳು ವೆನಿಸ್ಸಿಗೆ, ಉಳಿದವು ರೋಮಿಗೆ. ಬೀರೂರಿನಲ್ಲಿ ಶಿವಮೊಗ್ಗದ ಡಬ್ಬಿ ಕಳಚುವುದನ್ನು ಚಿಕ್ಕಂದಿನಿಂದ ನೋಡಿದವನು ನಾನು. ಅದೇ ಸಂಗತಿ ಯುರೋಪಿನಲ್ಲೂ ನಡೆದೀತೆಂದು ಹೊಳೆಯಲಿಲ್ಲ ನೋಡಿ. ಗಡಿಯಲ್ಲಿ ಪೊಲೀಸರು ಎಬ್ಬಿಸಿ ಪಾಸ್‌ಪೋರ್ಟ್ ನೋಡಿ ಹೋದ ಮೇಲೆ ಬಿದ್ದ ನಿದ್ದೆ ಗಾಢವಾಗಿತ್ತು. ಎದ್ದಾಗ ಕಿಟಕಿಯಲ್ಲಿ ನೀರೂ ಇಲ್ಲ, ದೋಣಿಯೂ ಇಲ್ಲ. "ಬೊಲೊನ್ಯ ಚೆಂತ್ರಾಲೆ" ಎಂಬ ಫಲಕ.

ಇಳಿದೆವು. ಮಳೆ ಹಿಡಿದಿತ್ತು. ಆದರೆ ಆ ಊರಿನಲ್ಲಿ ಮಳೆಗೆ ಹೆದರಬೇಕಾಗಿಯೇ ಇಲ್ಲ. ಬೀದಿ ಬೀದಿಗೂ ಮನೆಗಳ ಮಹಡಿ ಮುಂದಕ್ಕೆ ಚಾಚಿ, ಅದರಡಿ ಕಂಬದ ಸಾಲು, ಕಮಾನು, ನಡೆಯುವ ಜಗಲಿ. ಎಲ್ಲ ಸೇರಿಸಿದರೆ 62 ಕಿಲೋಮೀಟರ್ ಉದ್ದವಂತೆ. 2021ರಲ್ಲಿ ಯುನೆಸ್ಕೊ ಪಟ್ಟಿಗೂ ಸೇರಿತು. 1088ರಿಂದ ವಿಶ್ವವಿದ್ಯಾಲಯ ಇರುವ ಊರು, ಜಗಲಿಯ ತುಂಬ ಹುಡುಗರು. ನಮ್ಮ ತೀರ್ಥಹಳ್ಳಿ ಕಡೆಯ ಮನೆಗಳ ಜಗಲಿಗಳನ್ನೆಲ್ಲ ಒಂದಕ್ಕೊಂದು ಜೋಡಿಸಿ ಊರಿಗೆ ಊರನ್ನೇ ಅದರಡಿ ನಡೆಸಿದರೆ ಹೇಗೆ, ಹಾಗೆ. ಬೆನ್ನ ಮೇಲೆ ಹದಿನೆಂಟು ಕೇಜಿ, ತಲೆಯ ಮೇಲೆ ಒಂದು ಹನಿಯಿಲ್ಲ. ಇಡೀ ದಿನ ನಡೆದೆವು. ಏನನ್ನೂ "ನೋಡಲಿಲ್ಲ". ಯಾವುದು ಪ್ರಸಿದ್ಧವೆಂದು ಗೊತ್ತಿದ್ದರೆ ತಾನೆ!

ಈಗ ಎರಡನೆಯ ಯಾತ್ರೆ. ವೀಸಾ ಅರ್ಜಿಯ ಜೊತೆಗೆ ಕೊಡಬೇಕಾದ ಕಾಗದಗಳ ಪಟ್ಟಿಯನ್ನು ಮಗಳು ಮುದ್ರಿಸಿ ತಂದಳು. ಬ್ಯಾಂಕಿನ ವಿವರ, 30,000 ಯೂರೋ ಮೊತ್ತದ ವಿಮೆ, 90 ಯೂರೋ ಶುಲ್ಕ. ಇಷ್ಟಕ್ಕೆ ತಕರಾರಿಲ್ಲ. 1994ರಲ್ಲಿ ದೇಶಕ್ಕೊಂದರಂತೆ ವೀಸಾ ಹಾಕಿಸಲು ಕಚೇರಿಯಿಂದ ಕಚೇರಿಗೆ ತಿರುಗಿದವರು ನಾವು. ಲಕ್ಸೆಂಬರ್ಗಿನ ಶೆಂಗೆನ್ ಎಂಬ ಹಳ್ಳಿಯ ಬಳಿ, ಮೊಸೆಲ್ ನದಿಯ ಮೇಲೆ ದೋಣಿಯಲ್ಲಿ ಕೂತು ಐದು ದೇಶದವರು 1985ರಲ್ಲಿ ಮಾಡಿಕೊಂಡಿದ್ದ ಒಪ್ಪಂದ ಜಾರಿಗೆ ಬಂದದ್ದು ನಾವು ಹೋಗಿ ಬಂದ ಮುಂದಿನ ಮಾರ್ಚಿನಲ್ಲಿ. ನಮ್ಮ ಗ್ರಹಚಾರ ಯಾವಾಗಲೂ ಹೀಗೆಯೇ. ಈಗಿನ ಒಂದೇ ಚೀಟಿಯಲ್ಲಿ 29 ದೇಶ ಓಡಾಡಬಹುದು.

ತೊಡಕು ಬಂದದ್ದು ಪಟ್ಟಿಯ ಇನ್ನೊಂದು ಸಾಲಿನಲ್ಲಿ. ಯಾವ ದಿನ ಯಾವ ಊರು, ಯಾವ ರಾತ್ರಿ ಯಾವ ಹಾಸಿಗೆ, ಬರೆದು ಕೊಡಬೇಕು. ಕಾಯ್ದಿರಿಸಿದ ಪುರಾವೆ ಬೇಕು.

"ಅದನ್ನ ಅಲ್ಲಿ ಹೋಗಿ ನೋಡ್ಕೋತೀವಿ" ಅಂದೆ.

"ಅಪ್ಪಾ, ಹಾಗೆ ಬರೆದ್ರೆ ನೀನು ಅಲ್ಲಿಗೆ ಹೋಗೋದೇ ಇಲ್ಲ."

ಗೆಳೆಯನಿಗೆ ಫೋನ್ ಮಾಡಿದೆ. ಅವನ ಎದೆಯಲ್ಲಿ ಈಗ ಎರಡು ಸ್ಟೆಂಟ್ ಇವೆ, ದನಿ ಮಾತ್ರ ಹಾಸ್ಟೆಲ್ ಕಾರಿಡಾರಿನದೇ. "ಏನಪಾ ಇದು! ನಾವೇನು ತಿರಗಾಕ ಹೊಂಟೀವೋ, ಆಡಿಟ್ ಮಾಡಾಕ ಹೊಂಟೀವೋ? ತಪ್ಪಿ ಇಳಿದ ಊರಾಗ ರೂಮ್ ಬುಕ್ ಆಗೇತಿ ಅಂತ ಹೆಂಗ ತೋರಸ್ತೀ?"

ಅವನ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ. ಸುಮ್ಮನೆ ಬುಕ್ ಮಾಡಿ ಆಮೇಲೆ ರದ್ದುಪಡಿಸುವ ಉಪಾಯವನ್ನು ನಾಲ್ಕು ಜನ ಹೇಳಿದರು. ನನಗದು ಸರಿಬರಲಿಲ್ಲ, ಸುಳ್ಳಿನ ವೇಳಾಪಟ್ಟಿ ಹಿಡಿದು ಹೋದವನಿಗೆ ನಿಜವಾಗಿ ದಾರಿ ತಪ್ಪಿದ ಸುಖ ಸಿಗುವುದಿಲ್ಲ. ರೈಲುಗಳೂ ಹಾಗೆಯೇ ಆಗಿವೆ. ಜರ್ಮನ್ ರೈಲ್ವೆ ತನ್ನ ರಾತ್ರಿ ಗಾಡಿಗಳನ್ನು 2016ರಲ್ಲಿ ನಿಲ್ಲಿಸಿತು, ಆಸ್ಟ್ರಿಯಾದವರು ಕೆಲವನ್ನು ಕೈಗೆತ್ತಿಕೊಂಡರು. ಡಬ್ಬಿ ಕಳಚುವುದು ಈಗಲೂ ಉಂಟು. ಆದರೆ ಮಲಗುವ ಜಾಗಕ್ಕೆ ಪಾಸಿನ ಜೊತೆ ಬೇರೆ ಕಾಯ್ದಿರಿಸಬೇಕು, ಚೀಟಿಯಲ್ಲಿ ಡಬ್ಬಿಯ ನಂಬರು ಇರುತ್ತದೆ, ಮರೆತರೆ ಫೋನು ಎಚ್ಚರಿಸುತ್ತದೆ. ಥಾಮಸ್ ಕುಕ್ಕಿನವರು ಆ ಟೈಮ್‌ಟೇಬಲ್ಲನ್ನು 2013ರಲ್ಲಿ ನಿಲ್ಲಿಸಿಬಿಟ್ಟರು. ಅಲ್ಲಿ ಕೆಲಸ ಮಾಡುತ್ತಿದ್ದವರೇ ಮರುವರ್ಷದಿಂದ ಬೇರೆ ಹೆಸರಿನಲ್ಲಿ ಮುಂದುವರಿಸಿದ್ದಾರೆ. ಒಂದು ಪ್ರತಿ ತರಿಸಿದೆ. ಓದಲು ಕನ್ನಡಕದ ಮೇಲೆ ಭೂತಗನ್ನಡಿ ಬೇಕು.

ಹಾಗಾದರೆ ಏತಕ್ಕೆ ಹೋಗುವುದು? ಕಾಗದ ಪೆನ್ನು ಹಿಡಿದು ಕೂತಾಗ ನನಗೆ ಒಂದು ಸಂಗತಿ ತಿಳಿಯಿತು. ನೋಡಿದ್ದನ್ನು ಮತ್ತೆ ನೋಡಬೇಕೆಂಬ ಆಸೆ ನನಗೆ ಅಷ್ಟಾಗಿ ಇಲ್ಲ. ಪಕ್ಕದಲ್ಲೇ ಹಾದುಹೋಗಿ ಗಮನಿಸದೆ ಬಿಟ್ಟದ್ದರ ಲೆಕ್ಕ ಬೆಳೆಯುತ್ತಾ ಹೋಯಿತು.

ಎಸ್‌ಲಿಂಗೆನ್ ಎಂಬ ಊರು ಸ್ಟುಟ್‌ಗಾರ್ಟಿನಿಂದ ಲೋಕಲ್ ರೈಲಿನಲ್ಲಿ ಇಪ್ಪತ್ತು ನಿಮಿಷ. ನಮ್ಮ ಕಾರ್ಖಾನೆಗೆ ಅಲ್ಲಿಯೇ ಇಳಿಯಬೇಕು. ಆರು ತಿಂಗಳು ದಿನಾ ಇಳಿದೆ, ದಿನಾ ಹತ್ತಿದೆ. ಊರಿಗೆ ಮರಳಿ ಎಷ್ಟೋ ವರ್ಷದ ಮೇಲೆ, ಜುಲೈ 1ರ ಪತ್ರಿಕಾ ದಿನಾಚರಣೆಯ ಲೇಖನವೊಂದರಲ್ಲಿ ಓದಿದೆ: 1843ರಲ್ಲಿ ಅದೇ ತಾರೀಖು ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ'ವನ್ನು ಹೊರತಂದ ಹರ್ಮನ್ ಮೋಗ್ಲಿಂಗ್ 1881ರಲ್ಲಿ ತೀರಿಕೊಂಡದ್ದು ಎಸ್‌ಲಿಂಗೆನ್ನಿನಲ್ಲಿ. ಅಲ್ಲಿಂದ ಇನ್ನೊಂದು ತಾಸು ರೈಲಿನಲ್ಲಿ ಹೋದರೆ ಟ್ಯೂಬಿಂಗೆನ್, ಕಿಟೆಲ್ ಕೊನೆಯ ದಿನಗಳನ್ನು ಕಳೆದ ಊರು. 1894ರಲ್ಲಿ ಎಪ್ಪತ್ತು ಸಾವಿರ ಶಬ್ದಗಳ ನಿಘಂಟನ್ನು ನಮಗೆ ಕೊಟ್ಟು, 1903ರಲ್ಲಿ ನೆಕಾರ್ ನದಿಯ ದಡದ ಆ ಊರಲ್ಲಿ ಕಣ್ಣು ಮುಚ್ಚಿದ ಮನುಷ್ಯ. ಅದೇ ನೆಕಾರ್ ನಮ್ಮ ಕಾರ್ಖಾನೆಯ ಹಿಂದೆಯೂ ಹರಿಯುತ್ತಿತ್ತು. ಅದರ ದಂಡೆಯಲ್ಲಿ ಕೂತು ಭಾನುವಾರಗಳಂದು "ಇಲ್ಲಿ ಕನ್ನಡ ಗೊತ್ತಿರೋ ಒಂದು ನರಪಿಳ್ಳೆ ಇಲ್ಲವಲ್ಲೋ" ಎಂದು ಗೋಳಾಡಿದ್ದೆವು. ಬಾಸೆಲ್‌ನದ್ದೂ ಅದೇ ಕತೆ. ಮಂಗಳೂರು ಹೆಂಚಿಗೂ ಅಚ್ಚುಕೂಟಕ್ಕೂ ತವರಾದ ಮಿಷನ್ನಿನ ಕಾಗದಪತ್ರಗಳೆಲ್ಲ ಆ ಊರಲ್ಲಿವೆ. ನಾವು ಅಲ್ಲಿ ಗಾಡಿ ಬದಲಿಸುವ ನಡುವೆ ನಲವತ್ತು ನಿಮಿಷ ಸಿಕ್ಕಿತ್ತು, ಬಾಳೆಹಣ್ಣು ತಿಂದೆವು.

ಇನ್ನೊಂದು, ವಾಸೆನ್ ಚರ್ಚು. ಬೊಲೊನ್ಯದಿಂದ ಮಿಲಾನ್, ಅಲ್ಲಿಂದ ಗೊಟ್‌ಹಾರ್ಡ್ ದಾಟಿ ಬರುವಾಗ ಬೆಟ್ಟದ ಇಳಿಜಾರಿನಲ್ಲಿ ಬಿಳಿಯ ಚರ್ಚೊಂದು ಕೆಳಗೆ ಕಂಡಿತು. ಸ್ವಲ್ಪ ಹೊತ್ತಿಗೆ ಇನ್ನೊಂದು, ಕಿಟಕಿಯ ಸಮಕ್ಕೆ. ಆಮೇಲೆ ಮತ್ತೊಂದು, ತಲೆಯ ಮೇಲೆ. "ನಮ್ಮೂರಾಗ ಹನುಮಪ್ಪನ ಗುಡಿ ಇದ್ದಂಗ ಅದಾವ ಇಲ್ಲಿ ಚರ್ಚು" ಅಂದ ಗೆಳೆಯ. ಎದುರು ಕೂತಿದ್ದ ಅಜ್ಜಿ ನಮ್ಮ ಬೆರಳು ಎಲ್ಲಿ ತೋರಿಸುತ್ತಿದೆಯೆಂದು ನೋಡಿ, ನಕ್ಕು, ಕಾಗದದ ಕರವಸ್ತ್ರದ ಮೇಲೆ ಸುರುಳಿ ಬರೆದು ತೋರಿಸಿದರು. ಮೂರೂ ಒಂದೇ ಚರ್ಚು. 1882ರಲ್ಲಿ ಹಳಿ ಹಾಕಿದವರು ಏರು ತಗ್ಗಿಸಲು ಬೆಟ್ಟದೊಳಗೆ ಸುರಂಗವನ್ನು ಸುತ್ತಿಸಿದ್ದರಿಂದ ಗಾಡಿ ಅದನ್ನು ಮೂರು ಎತ್ತರದಿಂದ ಹಾಯುತ್ತದೆ. 2016ರಲ್ಲಿ ಬೆಟ್ಟದ ಬುಡದಲ್ಲೇ 57 ಕಿಲೋಮೀಟರಿನ ನೇರ ಸುರಂಗ ತೆರೆದರು. ವೇಗದ ಗಾಡಿಗಳೆಲ್ಲ ಈಗ ಅದರೊಳಗೆ ನುಗ್ಗಿ ಆಚೆ ಏಳುತ್ತವೆ. ಚರ್ಚು ಒಂದು ಸಲವೂ ಕಾಣದು. ಹಳೆಯ ದಾರಿಯಲ್ಲಿ ನಿಧಾನದ ಗಾಡಿ ಇನ್ನೂ ಓಡುತ್ತಿದೆ, ನಮ್ಮ ಪಾಸೂ ಅದರಲ್ಲಿ ನಡೆಯುತ್ತದೆ. ಮಗಳು "ಒಂದು ಗಂಟೆ ವೇಸ್ಟು" ಅಂದಳು. ಈ ಸಲ ದಕ್ಷಿಣಕ್ಕೆ ಹೋಗುವುದರಿಂದ ಚರ್ಚು ಮೊದಲು ಮೇಲೆ ಕಾಣುತ್ತದೆ, ಕೊನೆಗೆ ಕೆಳಗೆ. ಅದನ್ನು ಬಿಡುವ ಪ್ರಶ್ನೆಯೇ ಇಲ್ಲ.

ಹೊಸ ಚೀಲ ಕೊಂಡದ್ದಾಯಿತು. ಏಳು ಕೇಜಿ ಮೀರಬಾರದೆಂದು ಡಾಕ್ಟರ ಅಪ್ಪಣೆ. ಬಿಪಿ ಮಾತ್ರೆ, ಮೊಣಕಾಲಿನ ಪಟ್ಟಿ, ಎರಡು ಜೊತೆ ಬಟ್ಟೆ, ಚಟ್ನಿಪುಡಿ. ಪುಳಿಯೋಗರೆ ಗೊಜ್ಜಿನ ಬಗ್ಗೆ ಮಾತುಕತೆ ನಡೆದಿದೆ. ಅಭ್ಯಾಸಕ್ಕೆಂದು ಅದರಲ್ಲಿ ಐದು ಕೇಜಿ ಸೋನಾ ಮಸೂರಿ ಪ್ಯಾಕೆಟ್ಟೂ ಎರಡು ಬಾಟಲಿ ನೀರೂ ಹಾಕಿ ಬೆಳಿಗ್ಗೆ ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತುತ್ತಿದ್ದೇನೆ. ಸದ್ಯ ನಂದಿಯವರೆಗೆ. ಮೊದಲ ದಿನ, ಮೆಟ್ಟಿಲಿಗೆ ಅರಿಶಿನ ಕುಂಕುಮ ಹಚ್ಚುತ್ತಿದ್ದ ಹೆಂಗಸೊಬ್ಬರು ನನ್ನ ಏದುಸಿರು ಕೇಳಿ ಕೈ ತಡೆದರು. "ಏನು ಹರಕೆ ಅಣ್ಣಾ?" ಅಂದರು. ಬೊಲೊನ್ಯ ಅಂದರೆ ಅವರಿಗೆ ತಿಳಿಯುತ್ತಿರಲಿಲ್ಲ. "ಹೂಂ, ಹಳೇದು ಒಂದು" ಅಂದೆ.

ವೇಳಾಪಟ್ಟಿ ನಿನ್ನೆ ಮುಗಿಯಿತು. ಇಪ್ಪತ್ತೊಂದು ದಿನ, ಇಪ್ಪತ್ತು ರಾತ್ರಿ, ಎಲ್ಲಕ್ಕೂ ಹಾಸಿಗೆ. ಗೆಳೆಯ ಓದಿ ನೋಡಿ ಫೋನ್ ಮಾಡಿದ.

"ಬೊಲೊನ್ಯಾದಾಗ ತಪ್ಪಿ ಇಳಿಯೂದು ಯಾವ ದಿನ ಹಾಕೀಯೋ?"

"ಹದಿನೈದನೇ ದಿನ. ಎರಡನೇ ಮಹಡಿ. ಲಿಫ್ಟ್ ಇದೆ."

ಮಂಗಳವಾರ ಬೆಳಿಗ್ಗೆ ಹತ್ತೂವರೆಗೆ ಬೆಂಗಳೂರಿನಲ್ಲಿ ಇಬ್ಬರೂ ಬೆರಳಚ್ಚು ಕೊಡಬೇಕು. ಜೊತೆಗೆ ತಲಾ ಎರಡು ಫೋಟೋ: ಅಗಲ 35 ಮಿಲಿಮೀಟರ್, ಎತ್ತರ 45, ಹಿನ್ನೆಲೆ ತಿಳಿ ಬಣ್ಣದ್ದು. ಫೋಟೋದಲ್ಲಿ ನಗಬಾರದಂತೆ.