ಹೆಸರು ಹೇಳಿ ಒಳಗೆ ಬನ್ನಿ

ಬೆಂಗಳೂರು, ಹೊಸೂರು ರಸ್ತೆಯ ನಿಮ್ಹಾನ್ಸ್. ಬೆಳಗಿನ ಆರು ಗಂಟೆ. ಮರದಡಿಯ ಕಟ್ಟೆಗಳ ಮೇಲೆ ಜನ ಆಗಲೇ ಎದ್ದು ಕೂತಿದ್ದಾರೆ. ಮಡಿಲಲ್ಲಿ ಸ್ಕ್ಯಾನಿನ ದೊಡ್ಡ ಕವರು, ಪಕ್ಕದಲ್ಲಿ ಫ್ಲಾಸ್ಕು. ಕಲಬುರಗಿಯವರು, ಚಾಮರಾಜನಗರದವರು, ತೆಲುಗಿನವರು, ತಮಿಳಿನವರು ಎಲ್ಲ ಒಬ್ಬರನ್ನೊಬ್ಬರು ಕೇಳುವುದು ಒಂದೇ: ‘ರಾತ್ರಿ ಹೆಂಗಿದ್ರು?’ ಅತ್ತಿಗೆ ನಲ್ಲಿಯಲ್ಲಿ ಮುಖ ತೊಳೆದು ವಾರ್ಡಿನ ಕಡೆ ನಡೆಯುತ್ತಾರೆ. ನಾನು ಹಿಂದೆ.

ಅಣ್ಣ ಕಣ್ಣು ಬಿಟ್ಟಿದ್ದಾನೆ. ತಲೆಯ ಬ್ಯಾಂಡೇಜಿನ ಎಡಭಾಗದಲ್ಲಿ ಪೆನ್ನಿನಿಂದ ‘ನೋ ಬೋನ್’ ಎಂದು ಬರೆದಿದ್ದಾರೆ. ತಿಪಟೂರಿನಲ್ಲಿ ಕೊಬ್ಬರಿ ಹರಾಜು ಮುಗಿಸಿಕೊಂಡು ಬರುವಾಗ ಬೈಕಿನಿಂದ ಬಿದ್ದವನು. ಹೆಲ್ಮೆಟ್ ಟ್ಯಾಂಕಿನ ಮೇಲಿತ್ತು. ಮಿದುಳಿಗೂ ಅದರ ಹೊದಿಕೆಗೂ ನಡುವೆ ರಕ್ತ ಹೆಪ್ಪುಗಟ್ಟಿತು. ಮಿದುಳು ಊದಿಕೊಂಡರೆ ಬುರುಡೆಯೊಳಗೆ ಅದಕ್ಕೆ ಜಾಗವಿಲ್ಲ. ಹಾಗಾಗಿ ರಕ್ತದ ಜೊತೆಗೆ ಬುರುಡೆಯ ಒಂದು ಹೋಳನ್ನೂ ತೆಗೆದಿದ್ದಾರೆ. ಊತ ಇಳಿದು, ಕೆಲವು ತಿಂಗಳು ಕಳೆದ ಮೇಲೆ ಅಲ್ಲಿ ಮತ್ತೆ ಮೂಳೆ ಕೂರಿಸುತ್ತಾರೆ. ಅಲ್ಲಿಯವರೆಗೆ ಆ ಬದಿಗೆ ಏನೂ ತಾಗಬಾರದು.

ನರ್ಸ್ ಹಾಳೆಯಲ್ಲಿ ‘ಇ4 ವಿಟಿ ಎಂ6’ ಎಂದು ಬರೆಯುತ್ತಾರೆ. ಇದು ಪ್ರಜ್ಞೆಯ ಮಟ್ಟ ಅಳೆಯುವ ಗ್ಲಾಸ್ಗೋ ಕೋಮಾ ಸ್ಕೇಲ್. 1974ರಲ್ಲಿ ಸ್ಕಾಟ್ಲೆಂಡಿನಲ್ಲಿ ಕೆಲಸ ಮಾಡುತ್ತಿದ್ದ ಟೀಸ್‌ಡೇಲ್ ಮತ್ತು ಜೆನೆಟ್ ಎಂಬ ವೈದ್ಯರು ಇದನ್ನು ರೂಪಿಸಿದರು. ಈಗಿನ ಲೆಕ್ಕದಲ್ಲಿ ಕಣ್ಣಿಗೆ 4, ಮಾತಿಗೆ 5, ಚಲನೆಗೆ 6; ಎಲ್ಲ ಸೇರಿದರೆ 15, ತೀರಾ ಕೆಳಗಿನ ಅಂಕ 3. ಕತ್ತಿನಲ್ಲಿ ಉಸಿರಿನ ಟ್ಯೂಬ್ ಇರುವುದರಿಂದ ಮಾತಿನ ಎದುರು ‘ಟಿ’. ಚಲನೆಗೆ ಆರು ಬಂದರೆ ಹೇಳಿದ್ದು ತಿಳಿದು ಮಾಡುತ್ತಾನೆ ಎಂದರ್ಥ. ಅತ್ತಿಗೆ ದಿನಾ ಮೊದಲು ಆ ಆರನ್ನು ನೋಡುತ್ತಾರೆ, ಆಮೇಲೆ ಗಂಡನ ಮುಖ.

ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು, ಇಲ್ಲದಿದ್ದರೆ ಬೆನ್ನಲ್ಲಿ ಹುಣ್ಣಾಗುತ್ತದೆ. ಮೂಗಿನ ನಳಿಕೆಯಲ್ಲಿ ಗಂಜಿ ಬಿಡುವಾಗ ತಲೆ ಎತ್ತರದಲ್ಲಿರಬೇಕು, ಇಲ್ಲದಿದ್ದರೆ ಅದು ಶ್ವಾಸಕೋಶಕ್ಕೆ ಇಳಿಯಬಹುದು. ಫಿಟ್ಸ್ ಮಾತ್ರೆ ಒಂದು ಹೊತ್ತೂ ತಪ್ಪಬಾರದು. ಪಿ.ಯು.ಸಿ.ವರೆಗೆ ಓದಿದ ಅತ್ತಿಗೆ ಇದನ್ನೆಲ್ಲ ಹಳೆಯ ಹಾಲಿನ ಲೆಕ್ಕದ ಪುಸ್ತಕದಲ್ಲಿ ಗೆರೆ ಎಳೆದು ಬರೆದುಕೊಂಡಿದ್ದಾರೆ.

ಫಿಸಿಯೊದವರು ಬರುತ್ತಾರೆ. ‘ಇವತ್ತು ಮಂಚದ ಅಂಚಿಗೆ ಕೂರಿಸೋಣಮ್ಮ. ನೀವು ಎತ್ತಬೇಡಿ, ಅವರೇ ಏಳಲಿ. ಬೆನ್ನಿಗೆ ಕೈ ಇಟ್ಟಿರಿ ಸಾಕು.’ ಅಣ್ಣನ ಬಲಗೈ ಸೋತು ಬಿದ್ದಿದೆ. ಎಡಗೈಯಲ್ಲಿ ಕಂಬಿ ಹಿಡಿಯುತ್ತಾನೆ. ಹಣೆ ಬೆವರುತ್ತದೆ. ಅತ್ತಿಗೆಯ ಎರಡೂ ಕೈ ಮುಂದಕ್ಕೆ ಹೋಗಿ ಅಲ್ಲೇ ನಿಲ್ಲುತ್ತವೆ. ಅಣ್ಣ ಕೂರುತ್ತಾನೆ. ತಲೆ ತೂಗುತ್ತದೆ, ನಿಲ್ಲುತ್ತದೆ. ಪಕ್ಕದ ಮಂಚದ ಹುಡುಗನ ತಂದೆ ಎದ್ದು ಬಂದು, ಏನೂ ಹೇಳದೆ, ಅತ್ತಿಗೆಗೆ ಕೈ ಮುಗಿಯುತ್ತಾರೆ.

ಈಗ ಊರು. ಕತ್ತಿನ ಟ್ಯೂಬ್ ಹೋಗಿದೆ, ಮೂಗಿನದೂ ಹೋಗಿದೆ. ನೀರು ಕುಡಿದರೆ ಕೆಮ್ಮು ಬರುತ್ತದೆ, ಮಂದವಾದ ರಾಗಿಗಂಜಿ ಸಲೀಸಾಗಿ ಇಳಿಯುತ್ತದೆ. ಗದ್ದ ತಗ್ಗಿಸಿ ನುಂಗಬೇಕು, ಉಂಡು ಅರ್ಧ ಗಂಟೆ ಕೂತೇ ಇರಬೇಕು. ಮಾತು ಅಂತ ಇರುವುದು ಒಂದೇ: ‘ಆಯ್ತು’. ಹಸಿವಾದರೂ ಆಯ್ತು, ನೋವಾದರೂ ಆಯ್ತು. 1861ರಲ್ಲಿ ಪ್ಯಾರಿಸ್ಸಿನ ವೈದ್ಯ ಪಾಲ್ ಬ್ರೋಕಾ ಕಂಡ ರೋಗಿಯ ಬಾಯಲ್ಲಿ ಹೆಚ್ಚುಕಡಿಮೆ ‘ಟ್ಯಾನ್’ ಎಂಬುದೊಂದೇ ಉಳಿದಿತ್ತು. ಅವನು ಸತ್ತ ಮೇಲೆ ನೋಡಿದರೆ ಹಾನಿಯಾಗಿದ್ದದ್ದು ಮಿದುಳಿನ ಎಡ ಮುಂಭಾಗಕ್ಕೆ. ಅಣ್ಣನಿಗೂ ಅದೇ ಬದಿಗೆ ಏಟು. ಒಳಗೆ ಅರ್ಥವಾಗುತ್ತದೆ, ಹೇಳಲು ಮಾತು ಸಿಗುವುದಿಲ್ಲ.

ಸಂಜೆ ಜಗಲಿ ತುಂಬ ಜನ. ಎಲ್ಲರೂ ಪ್ರೀತಿಯಿಂದಲೇ ಬಂದವರು. ಒಬ್ಬೊಬ್ಬರಾಗಿ ಅಣ್ಣನ ಮುಂದೆ ಬಗ್ಗಿ ಕೇಳುತ್ತಾರೆ: ‘ನಾನ್ಯಾರು ಹೇಳು ನೋಡಾನ?’, ‘ಗುರ್ತು ಸಿಕ್ತಾ?’ ಅಣ್ಣ ತುಟಿ ಆಡಿಸುತ್ತಾನೆ. ‘ಆಯ್ತು.’ ಯಾರೋ ‘ಅಯ್ಯೋ ಪಾಪ’ ಎನ್ನುತ್ತಾರೆ. ಅವನ ಕಣ್ಣು ತುಂಬುತ್ತದೆ, ಎಡಗೈ ಮುಷ್ಟಿಯಾಗುತ್ತದೆ, ಚೊಂಬು ಅಂಗಳಕ್ಕೆ ಹಾರುತ್ತದೆ.

ಅಮ್ಮ ಅಳುತ್ತಾ ಒಳಗೆ ಹೋಗುತ್ತಾರೆ. ‘ನನ್ ಮಗ ಇಂಥೋನಲ್ಲ ಕಣಮ್ಮ.’ ನಿಜ, ಅವನು ಇಂಥವನಲ್ಲ. ಸಿಟ್ಟಿಗೆ ಲಗಾಮು ಹಾಕುವುದು ಮಿದುಳಿನ ಮುಂಭಾಗದ ಕೆಲಸ, ಏಟು ಬಿದ್ದಿರುವುದೂ ಅಲ್ಲಿಗೇ. ಗದ್ದಲ, ಜೋರು ಟಿವಿ, ಒಟ್ಟಿಗೆ ನಾಲ್ಕು ಜನರ ಮಾತು ಗಾಯಗೊಂಡ ಮಿದುಳನ್ನು ಬೇಗ ದಣಿಸುತ್ತವೆ. ಅತ್ತಿಗೆ ಎದುರುತ್ತರ ಕೊಡುವುದಿಲ್ಲ. ಟಿವಿ ಆರಿಸುತ್ತಾರೆ, ಬಾಗಿಲು ಮುಂದೆ ಮಾಡುತ್ತಾರೆ, ಪಕ್ಕದಲ್ಲಿ ಕೂರುತ್ತಾರೆ.

ಸ್ಪೀಚ್ ಥೆರಪಿಸ್ಟ್ ಮೇಡಂ ಹೇಳಿಕೊಟ್ಟದ್ದನ್ನು ಅತ್ತಿಗೆ ಮರುದಿನ ಎಲ್ಲರಿಗೂ ಹೇಳುತ್ತಾರೆ: ‘ಅವರನ್ನ ಪರೀಕ್ಷೆ ಮಾಡಬೇಡಿ. ನಿಮ್ಮ ಹೆಸರು ನೀವೇ ಹೇಳಿ ಒಳಗೆ ಬನ್ನಿ.’ ಗೋಡೆಗೆ ದೊಡ್ಡ ಕ್ಯಾಲೆಂಡರು, ಪಕ್ಕದಲ್ಲಿ ಮನೆಯವರ ಫೋಟೊಗಳು, ಕೆಳಗೆ ಹೆಸರು. ‘ಏನು ಬೇಕು?’ ಎಂದು ಕೇಳುವುದಿಲ್ಲ. ಲೋಟ, ತಟ್ಟೆ ಎರಡನ್ನೂ ತೋರಿಸುತ್ತಾರೆ, ಅವನು ಬೆರಳು ಮಾಡುತ್ತಾನೆ. ಅಂಗಿಯ ಗುಂಡಿ ಹಾಕಲು ಅತ್ತಿಗೆಗೆ ಅರ್ಧ ನಿಮಿಷ ಸಾಕು, ಅವನಿಗೆ ಇಪ್ಪತ್ತು ಬೇಕು. ಆ ಇಪ್ಪತ್ತು ನಿಮಿಷವೇ ಚಿಕಿತ್ಸೆ. ಒಂದು ದಾರಿ ಮುಚ್ಚಿದ ಮಿದುಳು ಬೇರೆ ದಾರಿ ಹುಡುಕುವುದು ಅದೇ ಕೆಲಸವನ್ನು ತಾನೇ ಮತ್ತೆ ಮತ್ತೆ ಮಾಡಿದಾಗ. ನಾವು ಅವಸರಕ್ಕೆ ಗುಂಡಿ ಹಾಕಿಬಿಟ್ಟರೆ ಆ ಅಭ್ಯಾಸವನ್ನೇ ತಪ್ಪಿಸಿದ ಹಾಗೆ.

ಮಗಳು ಜಗಲಿಯಲ್ಲಿ ಕೂತು ಮಗ್ಗಿ ಹೇಳುತ್ತಿದ್ದಾಳೆ. ‘ಎರಡೊಂದ್ಲ ಎರಡು, ಎರಡೆರಡ್ಲ ನಾಲ್ಕು, ಎರಡ್ಮೂರ್ಲ...’ ಪುಸ್ತಕ ಕೆಳಗೆ ಬಿದ್ದು ಬಗ್ಗುತ್ತಾಳೆ. ‘ಆರು’ ಎನ್ನುವ ಧ್ವನಿ ಗೋಡೆ ಪಕ್ಕದಿಂದ ಬರುತ್ತದೆ. ಮಗು ತಿರುಗಿ ನೋಡಿ, ಏನೂ ಆಗದವಳಂತೆ ಮುಂದುವರಿಸುತ್ತಾಳೆ: ‘ಎರಡ್ನಾಕ್ಲ?’ ‘ಎಂಟು.’ ಹತ್ತರವರೆಗೂ ಇಬ್ಬರೂ ಹೋಗುತ್ತಾರೆ. ಬಾಲ್ಯದಲ್ಲಿ ಕಂಠಪಾಠವಾದ ಮಗ್ಗಿ, ವಾರಗಳ ಹೆಸರು, ಭಜನೆ, ಹಾಡು ಮಾತು ಹೋದವರಲ್ಲೂ ಎಷ್ಟೋ ಸಲ ಉಳಿದಿರುತ್ತವೆ. ಮಗ್ಗಿ ಬಂದ ಮಾತ್ರಕ್ಕೆ ಮಾತು ಬಂದಂತಲ್ಲ. ನಾಳೆ ಮತ್ತೆ ‘ಆಯ್ತು’ ಒಂದೇ ಇರಬಹುದು. ಆದರೂ ಇಲ್ಲಿಂದ ಹಿಡಿದು ಮುಂದೆ ಹೋಗಬಹುದು. ಮೊದಲ ತಿಂಗಳುಗಳಲ್ಲಿ ಚೇತರಿಕೆ ವೇಗವಾಗಿರುತ್ತದೆ, ಆಮೇಲೆ ನಿಧಾನ. ವರ್ಷಗಳ ನಂತರವೂ ಅದು ನಿಂತುಹೋಗಬೇಕೆಂದಿಲ್ಲ.

ರಾತ್ರಿ ಹನ್ನೊಂದು. ಅಣ್ಣ ಮಲಗಿದ್ದಾನೆ. ಅತ್ತಿಗೆ ಅಡುಗೆಮನೆಯಲ್ಲಿ ಗೋಡೆಗೆ ಒರಗಿ ಕೂತಿದ್ದಾರೆ, ಮುಂದೆ ತಣ್ಣಗಾದ ಮುದ್ದೆ. ‘ನಿನ್ನ ಹತ್ರ ಹೇಳ್ತೀನಿ ಕಣೇ, ನನಗೆ ಸಾಕಾಗೈತೆ.’ ಬಂದವರೆಲ್ಲ ಕೇಳಿದ್ದು ಅಣ್ಣನನ್ನು. ಇವರು ಉಂಡರೇ, ಮಲಗಿದರೇ ಎಂದು ಯಾರೂ ಕೇಳಿಲ್ಲ. ಅವತ್ತು ಅಣ್ಣನ ಕೋಣೆಯಲ್ಲಿ ಚಾಪೆ ಹಾಸುವವಳು ನಾನು. ಅತ್ತಿಗೆ ಬೆಳಗಿನವರೆಗೆ ನಿದ್ದೆ ಮಾಡುತ್ತಾರೆ.

ಇಂಥ ಮನೆ ನಿಮ್ಮ ಬೀದಿಯಲ್ಲೂ ಇರಬಹುದು. ಹೋಗಿ, ಆದರೆ ಒಬ್ಬೊಬ್ಬರೇ ಹೋಗಿ. ಬಾಗಿಲಲ್ಲೇ ನಿಮ್ಮ ಹೆಸರು ಹೇಳಿ. ನಿಧಾನವಾಗಿ ಮಾತಾಡಿ, ಉತ್ತರಕ್ಕೆ ಕಾಯಿರಿ, ಹತ್ತು ನಿಮಿಷಕ್ಕೆ ಏಳಿ. ಹಣ್ಣಿನ ಬದಲು ಒಂದು ರಾತ್ರಿಯ ಸರದಿ ವಹಿಸಿಕೊಳ್ಳಿ. ನೋಡಿಕೊಳ್ಳುವವರ ಮನಸ್ಸು ಕುಸಿದಿದ್ದರೆ ಟೆಲಿ ಮಾನಸ್ ಸಹಾಯವಾಣಿಯ 14416ಕ್ಕೆ ಕರೆ ಮಾಡಿಸಿ. ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡು ಕೊಡಬೇಕಿಲ್ಲ. ಬೈಕಿನಲ್ಲಿ ಹೊರಟಿದ್ದರೆ ಹೆಲ್ಮೆಟ್ ತಲೆಗೆ ಹಾಕಿ, ಪಟ್ಟಿ ಬಿಗಿದುಕೊಳ್ಳಿ.