ಬೈಗುಳ ಮತ್ತು ಮೂದಲಿಕೆ

ಬೈಗುಳ ಬೆರೆತರೆ ಚಲನಚಿತ್ರದ ಸಂಭಾಷಣೆ ಸಹಜವಾಗುತ್ತದೆಂಬ ನಂಬಿಕೆಗೆ ಒಳ್ಳೆಯ ಆಧಾರವೊಂದಿದೆ: ರಾಮ್ ರೆಡ್ಡಿಯವರ ‘ತಿಥಿ’ (2015). ಮಂಡ್ಯ ಸೀಮೆಯ ಹಳ್ಳಿಗರೇ ನಟಿಸಿದ ಈ ಚಿತ್ರದ ಆರಂಭದಲ್ಲಿ ಸೆಂಚುರಿ ಗೌಡ ದಾರಿಬದಿಯಲ್ಲಿ ಕುಳಿತು ಹೋಗಿಬರುವವರನ್ನು ಛೇಡಿಸುತ್ತಾನೆ, ಬೈಯುತ್ತಾನೆ. ಸ್ವಲ್ಪ ಹೊತ್ತಿನಲ್ಲೇ ಸಾಯುತ್ತಾನೆ. ಆ ಜಿಲ್ಲೆಗೆ ಹೊಂದಿಕೊಂಡಿರುವ ಚನ್ನರಾಯಪಟ್ಟಣ ತಾಲ್ಲೂಕಿನ ಬಾಗೂರಿನ ಕಡೆಗೂ ಈ ಧಾಟಿ ಹೊಸತಲ್ಲ. ಅಲ್ಲಿ ಸಲುಗೆಯವರಿಗೆ ಬೈಗುಳ, ಅಪರಿಚಿತರಿಗೆ ಬಹುವಚನ.

ಇದೇ ತಾಲ್ಲೂಕಿನ ಶ್ರವಣಬೆಳಗೊಳದ ಚಿಕ್ಕಬೆಟ್ಟದಲ್ಲಿ ‘ಕವಿರತ್ನ’ ಎಂಬ ಬರಹವಿದೆ. ಅದು ರನ್ನನದೆಂದು ವಿದ್ವಾಂಸರು ಗುರುತಿಸುತ್ತಾರೆ. ಅವನ ‘ಗದಾಯುದ್ಧ’ದಲ್ಲಿ ವೈಶಂಪಾಯನ ಸರೋವರದಲ್ಲಿ ಅಡಗಿದ ದುರ್ಯೋಧನನನ್ನು ಹೊರಗೆಳೆಯುವುದು ಭೀಮನ ಗದೆಯಲ್ಲ, ಮೂದಲಿಕೆ. ಅದರ ಬಲಕ್ಕೆ ಅಶ್ಲೀಲದ ನೆರವು ಬೇಕಾಗಿಲ್ಲ. ಕುಲ, ಛಲ, ಅಭಿಮಾನ, ಇವುಗಳಲ್ಲಿ ಎದುರಾಳಿಗೆ ಎಲ್ಲಿ ನೋಯುತ್ತದೆಂದು ಭೀಮ ಬಲ್ಲ. ತಣ್ಣನೆಯ ಕೊಳದೊಳಗೂ ದುರ್ಯೋಧನ ಬೆವರುವುದು ಅದಕ್ಕಾಗಿ.

ಮುದುಕನ ಬೈಗುಳಕ್ಕೂ ಭೀಮನ ಮೂದಲಿಕೆಗೂ ಶಕ್ತಿ ಬರುವುದು ಕೇಳುವವನ ಪರಿಚಯದಿಂದ. ರೌಡಿ ಕಥೆಗಳ ಚಿತ್ರಗಳಲ್ಲಿ ಗೆಳೆಯನಿಗೂ ಪೊಲೀಸನಿಗೂ ಶತ್ರುವಿಗೂ ಒಂದೇ ಪದ ಸಲ್ಲುವಾಗ ಅದು ಅಲ್ಪವಿರಾಮಕ್ಕಿಂತ ಹೆಚ್ಚಿನದೇನಲ್ಲ. ಸೆನ್ಸಾರ್ ಮಂಡಳಿ ಇಂಥ ಪದದ ಧ್ವನಿಯನ್ನು ಅಳಿಸಿದರೂ (ಅಳಿಸುವುದು ಸರಿಯೇ ಎಂಬುದು ಬೇರೆ ಚರ್ಚೆ) ದೃಶ್ಯಕ್ಕೆ ಏನೂ ಆಗುವುದಿಲ್ಲ. ಸೆಂಚುರಿ ಗೌಡನ ಮಾತನ್ನು ಹಾಗೆ ಅಳಿಸಿದರೆ, ಹನ್ನೊಂದನೆಯ ದಿನದ ತಿಥಿಗೆ ಊರು ಸೇರುವುದು ಎಂಥವನಿಗಾಗಿ ಎಂಬುದೇ ಪ್ರೇಕ್ಷಕನಿಗೆ ತಿಳಿಯದು.