ತಾತನ ವ್ಯಾನು

ಬನಶಂಕರಿ ಎರಡನೇ ಹಂತದ ಅಡ್ಡರಸ್ತೆಯೊಂದರಲ್ಲಿ, ಹೊಂಗೆ ಮರದ ನೆರಳಿನಲ್ಲಿ ಒಂದು ಬಿಳಿಯ ಮಾರುತಿ ಓಮ್ನಿ ನಿಂತಿದೆ. ಆ ಮನೆಯ ಹಿರಿಯರು 2006ರಲ್ಲಿ ನಿವೃತ್ತಿಯಾದಾಗ ಬಂದ ಹಣದಲ್ಲಿ ಎರಡು ಲಕ್ಷ ಚಿಲ್ಲರೆ ಕೊಟ್ಟು ಅದನ್ನು ಕೊಂಡರು. ನೆಂಟರೆಲ್ಲ ಮಾರುತಿ 800 ಕೊಳ್ಳಿ ಎಂದರಂತೆ. ಅವರು ಹಟ ಹಿಡಿದು ಎಂಟು ಸೀಟಿನ ವ್ಯಾನನ್ನೇ ತಂದರು. ಮನೆಯಲ್ಲಿ ಆಗ ಏಳು ಜನ. ಅವರ ತಾಯಿ, ಹೆಂಡತಿ, ಮಗ, ಸೊಸೆ, ಮದುವೆಯಾಗದ ಇಬ್ಬರು ಹೆಣ್ಣುಮಕ್ಕಳು ಮತ್ತು ತಾವು. ವರ್ಷಕ್ಕೊಮ್ಮೆ ಎಲ್ಲರೂ ಒಟ್ಟಿಗೆ ಮನೆದೇವರಾದ ನಂಜನಗೂಡಿನ ನಂಜುಂಡೇಶ್ವರನ ಹತ್ತಿರ ಹೋಗಬೇಕು ಎನ್ನುವುದೊಂದೇ ಅವರ ಲೆಕ್ಕ. ಎಂಟನೆಯ ಸೀಟು 2008ರಲ್ಲಿ ಮೊಮ್ಮಗಳು ಹುಟ್ಟಿದಾಗ ಭರ್ತಿಯಾಯಿತು.

2025ರಲ್ಲಿ ಅವರು ತೀರಿಕೊಂಡರು. ಈಗ ಮನೆಯಲ್ಲಿರುವುದು ನಾಲ್ವರು. ಮಗ ಪೀಣ್ಯದ ಕಾರ್ಖಾನೆಗೆ ಬನಶಂಕರಿ ನಿಲ್ದಾಣದಿಂದ ಮೆಟ್ರೋ ಹಿಡಿಯುತ್ತಾರೆ. 2017ರ ಜೂನ್‌ನಲ್ಲಿ ಆ ಮಾರ್ಗ ಶುರುವಾದಂದಿನಿಂದ ಅವರಿಗೆ ವ್ಯಾನು ಬೇಕಾಗುತ್ತಿದ್ದದ್ದು ಭಾನುವಾರ ಮಾತ್ರ. ಹೀಗಿರುವಾಗ ವ್ಯಾನನ್ನು ಇಟ್ಟುಕೊಳ್ಳುವುದೋ ಮಾರುವುದೋ ಎಂಬ ಪ್ರಶ್ನೆ ಎದ್ದದ್ದು ಸಹಜವೇ. ಅದಕ್ಕೆ ಗಡುವನ್ನೂ ಕಾನೂನೇ ಹಾಕಿತ್ತು. ಖಾಸಗಿ ವಾಹನದ ಮೊದಲ ನೋಂದಣಿ ಹದಿನೈದು ವರ್ಷಕ್ಕೆ, ಆಮೇಲೆ ಐದೈದು ವರ್ಷಕ್ಕೆ ನವೀಕರಣ. ತಾತ 2021ರಲ್ಲಿ ನವೀಕರಿಸಿದಾಗ ಶುಲ್ಕ 600 ರೂಪಾಯಿ ಇತ್ತು. 2022ರ ಏಪ್ರಿಲ್‌ನಿಂದ ಅದು 5,000 ಆಯಿತು. 2025ರ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರ ಇಪ್ಪತ್ತು ವರ್ಷ ದಾಟಿದ ಕಾರುಗಳಿಗೆ 10,000 ಮಾಡಿತು. ಹಸಿರು ತೆರಿಗೆ ಬೇರೆ. ದೆಹಲಿಯಲ್ಲಿದ್ದ ಹಾಗೆ ಹದಿನೈದು ವರ್ಷವಾದ ಪೆಟ್ರೋಲ್ ಗಾಡಿ ರಸ್ತೆಗಿಳಿಯಲೇಬಾರದೆಂಬ ನಿಯಮ ಕರ್ನಾಟಕದಲ್ಲಿ ಬಂದಿಲ್ಲ, ನಿಜ. ಆದರೆ ಹಳೆಯ ಗಾಡಿ ಇಟ್ಟುಕೊಳ್ಳುವ ಆಸೆಗೆ ಸರ್ಕಾರ ಬೆಲೆ ಕಟ್ಟುತ್ತಿದೆ ಎನ್ನುವುದು ಸ್ಪಷ್ಟ.

"ಮಾರಿಬಿಡೋಣ" ಎಂದರು ಮಗ. "ನಿಂತಲ್ಲೇ ನಿಂತು ಬ್ಯಾಟರಿ ಸಾಯುತ್ತೆ. ಅಪ್ಪ ಇದ್ದಾಗ ದಿನಾ ಬೆಳಿಗ್ಗೆ ಸ್ಟಾರ್ಟ್ ಮಾಡೋರು, ನಂಗೆಲ್ಲಿ ಪುರಸೊತ್ತು?"

"ನನ್ನ ಮಂಡಿಗೆ ಬೇರೆ ಯಾವ ಗಾಡಿ ಆಗುತ್ತೋ?" ಎಂದರು ಅಜ್ಜಿ.

ಈ ಮಾತನ್ನು ಮುದುಕರ ಮೋಹವೆಂದು ತಳ್ಳಿಹಾಕುವಂತಿಲ್ಲ. ಮಂಡಿ ನೋವಿರುವವರು ತಗ್ಗಾದ ಕಾರಿನೊಳಗೆ ಬಗ್ಗಿ, ಒಂದು ಕಾಲಿನ ಮೇಲೆ ಭಾರ ಬಿಟ್ಟು ಕುಸಿದು ಕೂರಬೇಕು. ಏಳುವಾಗ ಇನ್ನೂ ಕಷ್ಟ. ಓಮ್ನಿಯ ಬಾಗಿಲು ಪಕ್ಕಕ್ಕೆ ಜಾರುತ್ತದೆ, ಸೀಟು ಹೆಚ್ಚುಕಡಿಮೆ ಮನೆಯ ಕುರ್ಚಿಯ ಎತ್ತರದಲ್ಲಿದೆ. ಹಿಡಿಕೆ ಹಿಡಿದು ಹತ್ತಿದರೆ ಆಯಿತು. ಮಂಗಳವಾರ, ಶುಕ್ರವಾರ ರಾಹುಕಾಲದಲ್ಲಿ ಬನಶಂಕರಿ ಅಮ್ಮನ ಗುಡಿಯಲ್ಲಿ ನಿಂಬೆಹಣ್ಣಿನ ದೀಪ ಹಚ್ಚಲು, ತಿಂಗಳಿಗೊಮ್ಮೆ ಜಯನಗರದ ಡಾಕ್ಟರ ಹತ್ತಿರ ಹೋಗಲು ಅವರಿಗೆ ಆ ವ್ಯಾನೇ ಕಾಲು.

ಮೊಮ್ಮಗಳು ಎರಡನೇ ಪಿ.ಯು.ಸಿ. ವಿದ್ಯಾರ್ಥಿನಿ. ಅವಳ ವಾದ ಬೇರೆ. ಹಳೆಯ ಗಾಡಿ ಭೂಮಿಗೆ ಕೆಟ್ಟದ್ದು, ಆದ್ದರಿಂದ ಹೊಸ ಕಾರು ಕೊಳ್ಳಬೇಕು. ಅಪ್ಪ ನಕ್ಕು, "ಲೆಕ್ಕ ಮಾಡಿ ತೋರಿಸು" ಎಂದರು. ಅವಳು ನೋಟ್‌ಬುಕ್ಕಿನ ಹಿಂದಿನ ಹಾಳೆಯಲ್ಲಿ ಮಾಡಿದ ಲೆಕ್ಕವನ್ನು ಬೇರೆ ವಿದ್ಯಾರ್ಥಿಗಳೂ ಒಮ್ಮೆ ಮಾಡಿ ನೋಡಬೇಕು. ಒಂದು ಲೀಟರ್ ಪೆಟ್ರೋಲು ಸುಮಾರು 740 ಗ್ರಾಂ ತೂಗುತ್ತದೆ. ಅದರಲ್ಲಿ ಇಂಗಾಲ ಸುಮಾರು 630 ಗ್ರಾಂ. ಉರಿಯುವಾಗ ಇಂಗಾಲದ ಪ್ರತಿ 12 ಗ್ರಾಂ ಗಾಳಿಯ 32 ಗ್ರಾಂ ಆಮ್ಲಜನಕವನ್ನು ಹಿಡಿದುಕೊಂಡು 44 ಗ್ರಾಂ ಇಂಗಾಲದ ಡೈಆಕ್ಸೈಡ್ ಆಗುತ್ತದೆ. ಹಾಗಾಗಿ ಮುಕ್ಕಾಲು ಕಿಲೋ ಪೆಟ್ರೋಲಿನಿಂದ 2.3 ಕಿಲೋ ಅನಿಲ! ಟ್ಯಾಂಕಿಗೆ ಹಾಕಿದ್ದಕ್ಕಿಂತ ಹೊಗೆಕೊಳವೆಯಿಂದ ಬರುವುದೇ ಮೂರು ಪಟ್ಟು ತೂಕ ಎಂದರೆ ತರಗತಿಯಲ್ಲಿ ಯಾರೂ ಮೊದಲಿಗೆ ನಂಬುವುದಿಲ್ಲ.

ವ್ಯಾನು ವರ್ಷಕ್ಕೆ ಓಡುವುದು ಹೆಚ್ಚೆಂದರೆ 3,000 ಕಿಲೋಮೀಟರು. ಲೀಟರಿಗೆ 14ರಂತೆ 214 ಲೀಟರು, ಅಂದರೆ ಸುಮಾರು 490 ಕಿಲೋ ಅನಿಲ. ಲೀಟರಿಗೆ 20 ಕೊಡುವ ಹೊಸ ಕಾರಾದರೆ 150 ಲೀಟರು, 345 ಕಿಲೋ. ಉಳಿತಾಯ ವರ್ಷಕ್ಕೆ 145 ಕಿಲೋ. ಆದರೆ ಹೊಸ ಕಾರು ಆಕಾಶದಿಂದ ಉದುರುವುದಿಲ್ಲವಲ್ಲ. ಅದರ ಉಕ್ಕು, ಅಲ್ಯುಮಿನಿಯಂ, ಗಾಜು, ಪ್ಲಾಸ್ಟಿಕ್‌ ತಯಾರಾಗುವಾಗಲೇ ಕೆಲವು ಟನ್ ಅನಿಲ ಗಾಳಿಗೆ ಸೇರಿರುತ್ತದೆ. ಐದು ಟನ್ ಎಂದು ಹಿಡಿದರೆ, ಆ ಸಾಲ ತೀರಲು 34 ವರ್ಷ ಬೇಕು. ಹುಡುಗಿ ಪೆನ್ನು ಕೆಳಗಿಟ್ಟಳು. ಕಡಿಮೆ ಓಡುವ ಗಾಡಿಯ ವಿಷಯದಲ್ಲಿ ಹಳೆಯದನ್ನು ಬಿಟ್ಟು ಹೊಸದನ್ನು ಕೊಳ್ಳುವುದು ಪರಿಸರಕ್ಕೆ ಉಪಕಾರವೇನಲ್ಲ.

ಅರ್ಧ ಲೆಕ್ಕ ಅಷ್ಟಕ್ಕೇ ಮುಗಿಯಿತು. ಇಂಗಾಲದ ಡೈಆಕ್ಸೈಡು ಇಡೀ ಭೂಮಿಗೆ ಹಂಚಿಹೋಗುವ ಪದಾರ್ಥ. ಕಾರ್ಬನ್ ಮಾನಾಕ್ಸೈಡು, ಅರೆಬೆಂದ ಪೆಟ್ರೋಲಿನ ಆವಿ, ನೈಟ್ರೋಜನ್ನಿನ ಆಕ್ಸೈಡುಗಳು ಹಾಗಲ್ಲ. ಅವು ಆ ಅಡ್ಡರಸ್ತೆಯಲ್ಲೇ ಸುಳಿದು, ಎದುರು ಮನೆಯ ಮಗುವಿನ ಎದೆಗೆ ಹೋಗುತ್ತವೆ. 2020ರ ಏಪ್ರಿಲ್ 1ರಿಂದ ಜಾರಿಗೆ ಬಂದ ಭಾರತ್ ಸ್ಟೇಜ್-6 ಕಟ್ಟಿಹಾಕಿರುವುದು ಮುಖ್ಯವಾಗಿ ಇಂಥವನ್ನೇ. ಇಪ್ಪತ್ತು ವರ್ಷದ ಎಂಜಿನ್ನು ಆ ಮಟ್ಟ ಮುಟ್ಟುವುದು ಸಾಧ್ಯವಿಲ್ಲ. ಆರು ತಿಂಗಳಿಗೊಮ್ಮೆ ಎಮಿಷನ್ ಟೆಸ್ಟ್ ಮಾಡಿಸಿ, ಟ್ಯೂನಿಂಗ್ ಸರಿ ಇಟ್ಟುಕೊಂಡರೆ ಹಾನಿ ಕಡಿಮೆಯಾದೀತು, ಅಷ್ಟೆ.

ಈ ಮಾತುಕತೆಯ ನಡುವೆ ಗಿರಾಕಿಗಳೂ ಬಂದರು. ಒಬ್ಬರು 55,000 ಎಂದರು, ಇನ್ನೊಬ್ಬರು 60,000. ಮೂರನೆಯವನು ಗಾಡಿಯ ಸುತ್ತ ಒಂದು ಸುತ್ತು ಬಂದು, ಸೀಟು ಎಣಿಸಿ, ಚೌಕಾಸಿಯನ್ನೇ ಮಾಡದೆ 80,000 ಎಂದ. ಆರ್.ಸಿ. ಇನ್ನೂ ತಾತನ ಹೆಸರಿನಲ್ಲಿದೆ ಎಂದರೆ, "ಅದೇನ್ ದೊಡ್ಡ ವಿಷ್ಯ ಸಾರ್, 29, 30 ಫಾರಂಗೆ ಅವರ ಸೈನ್ ನೀವೇ ಹಾಕ್ಬಿಡಿ" ಎಂದೂ ಸೇರಿಸಿದ.

ಇಲ್ಲಿ ಸ್ವಲ್ಪ ನಿಲ್ಲಬೇಕು, ಏಕೆಂದರೆ ಅನೇಕ ಮನೆಗಳಲ್ಲಿ ಇದೇ ನಡೆಯುತ್ತದೆ. ಸತ್ತವರ ಸಹಿ ಹಾಕುವುದು ಫೋರ್ಜರಿ, ಅದರಲ್ಲಿ ದೊಡ್ಡದು ಚಿಕ್ಕದು ಎಂಬುದಿಲ್ಲ. ನಿಯಮ ಕಷ್ಟದ್ದೂ ಅಲ್ಲ. ಮಾಲೀಕರು ತೀರಿಕೊಂಡ ಮೂವತ್ತು ದಿನದೊಳಗೆ ಆರ್.ಟಿ.ಓ.ಗೆ ತಿಳಿಸಬೇಕು. ಮೂರು ತಿಂಗಳೊಳಗೆ 31ನೇ ನಮೂನೆಯಲ್ಲಿ ವಾರಸುದಾರರ ಹೆಸರಿಗೆ ವರ್ಗಾಯಿಸಿಕೊಳ್ಳಬೇಕು. ಮಾರುವುದಿದ್ದರೆ ಆಮೇಲೆ. ಮಾರಿದ ಮೇಲೂ ಹೆಸರು ಬದಲಾಗುವವರೆಗೆ ಬಿಡಬಾರದು. ಹೆಸರು ಬದಲಾಗದ ಗಾಡಿ ಅಪಘಾತ ಮಾಡಿದರೆ ಪರಿಹಾರದ ಹೊಣೆ ದಾಖಲೆಯಲ್ಲಿರುವ ಮಾಲೀಕನದೇ ಎಂದು ಸುಪ್ರೀಂ ಕೋರ್ಟು 2018ರಲ್ಲಿ ಹೇಳಿದೆ. ಪುಣ್ಯಕ್ಕೆ ಈ ಮನೆಯ ಸೊಸೆ ಕಾಗದಪತ್ರದ ವಿಷಯದಲ್ಲಿ ಗಟ್ಟಿ. ಇಬ್ಬರು ನಾದಿನಿಯರಿಂದಲೂ ಒಪ್ಪಿಗೆ ಪತ್ರ ತರಿಸಿ, ಜಯನಗರ ಆರ್.ಟಿ.ಓ.ಗೆ ಕೊಡುವ ಅರ್ಜಿಯನ್ನು ಆಗಲೇ ಸಿದ್ಧ ಮಾಡಿಟ್ಟಿದ್ದರು.

ಅಂತೂ 80,000 ಎಂದರೆ ಆಸೆಯಾಗುವಂಥದೇ. "ಇಷ್ಟು ಹಳೇ ಗಾಡೀನ ಏನಪ್ಪಾ ಮಾಡ್ತೀಯ?" ಎಂದು ಅಜ್ಜಿ ಕುತೂಹಲಕ್ಕೆ ಕೇಳಿದರು. ಅವನು ಮುಚ್ಚುಮರೆಯಿಲ್ಲದೆ ಹೇಳಿದ: "ಸ್ಕೂಲ್ ಟ್ರಿಪ್ ಅಮ್ಮ. ಗ್ಯಾಸ್ ಕಿಟ್ ಹಾಕ್ಸಿ, ಎರಡು ಬೆಂಚ್ ಕೂರಿಸಿದ್ರೆ ಹದಿನಾಲ್ಕು ಮಕ್ಳು ಆರಾಮಾಗಿ ಹಿಡೀತಾರೆ."

ಬಿಳಿ ಬೋರ್ಡಿನ ಖಾಸಗಿ ವಾಹನದಲ್ಲಿ ಬಾಡಿಗೆಗೆ ಮಕ್ಕಳನ್ನು ಒಯ್ಯುವುದು ಕಾನೂನಿಗೆ ವಿರುದ್ಧ. ಅದು ಒಂದು ಮಾತು. ಓಮ್ನಿಯ ರಚನೆಯದು ಅದಕ್ಕಿಂತ ದೊಡ್ಡ ಮಾತು. 1984ರಲ್ಲಿ ಮಾರುತಿ ವ್ಯಾನ್ ಎಂದು ಬಂದು, 1988ರಲ್ಲಿ ಓಮ್ನಿ ಎಂದು ಹೆಸರು ಬದಲಿಸಿಕೊಂಡ ಈ ಗಾಡಿ ಆಂಬುಲೆನ್ಸ್ ಆಯಿತು, ತರಕಾರಿ ಗಾಡಿಯಾಯಿತು, ಸಿನಿಮಾಗಳಲ್ಲಿ ನಾಯಕಿಯನ್ನು ಅಪಹರಿಸುವ ವಾಹನವೂ ಆಯಿತು. ಅಷ್ಟು ಚಿಕ್ಕ ಗಾಡಿಯಲ್ಲಿ ಅಷ್ಟು ಜಾಗ ಸಿಕ್ಕಿದ್ದು ಹೇಗೆ? ಅದರ 796 ಸಿ.ಸಿ. ಎಂಜಿನ್ನು ಮುಂದಿನ ಸೀಟಿನ ಅಡಿಯಲ್ಲಿದೆ, ಅದಕ್ಕೇ ಸೀಟು ಬಿಸಿಯಾಗುವುದು. ಚಾಲಕನ ಮಂಡಿಗೂ ರಸ್ತೆಗೂ ನಡುವೆ ಒಂದು ತಗಡು, ಒಂದು ಗಾಜು. ಜಾಗ ಉಳಿದದ್ದು ಅಲ್ಲೇ, ರಕ್ಷಣೆ ಹೋದದ್ದೂ ಅಲ್ಲೇ.

ಬೇರೆ ಕಾರುಗಳ ಮೂತಿ ಬರೀ ಅಲಂಕಾರವಲ್ಲ. ಡಿಕ್ಕಿಯಾದಾಗ ಅದು ನಜ್ಜುಗುಜ್ಜಾಗಿ, ಒಳಗಿನವರು ನಿಲ್ಲಲು ಬೇಕಾದ ದೂರವನ್ನು ಕೊಡುತ್ತದೆ. ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿ ಗೋಡೆಗೆ ಗುದ್ದುವುದೆಂದರೆ ಸುಮಾರು ಆರು ಮೀಟರ್ ಎತ್ತರದಿಂದ, ಅಂದರೆ ಎರಡು ಅಂತಸ್ತಿನ ಮನೆಯ ತಾರಸಿಯಿಂದ, ಬಿದ್ದ ಹಾಗೆ. ಆ ವೇಗ 60 ಸೆಂಟಿಮೀಟರಿನಲ್ಲಿ ಸೊನ್ನೆಯಾದರೆ ಮೈಮೇಲೆ ಬೀಳುವ ಬಲ ನಮ್ಮ ತೂಕದ ಹತ್ತು ಪಟ್ಟು. 20 ಸೆಂಟಿಮೀಟರಿನಲ್ಲಾದರೆ ಮೂವತ್ತು ಪಟ್ಟು. ವೇಗ 80 ಆದರೆ ಶಕ್ತಿ ಎರಡು ಪಟ್ಟಲ್ಲ, ನಾಲ್ಕು ಪಟ್ಟು. ಆಗ ಬೀಳುವ ಎತ್ತರ 25 ಮೀಟರು. ನಮ್ಮ ದೇಶದಲ್ಲಿ 2019ರಲ್ಲಿ ಡಿಕ್ಕಿ ಪರೀಕ್ಷೆ, ಏರ್‌ಬ್ಯಾಗ್ ಮುಂತಾದ ನಿಯಮಗಳು ಬಿಗಿಯಾದಾಗ, ಮೂವತ್ತೈದು ವರ್ಷ ಓಡಿದ ಈ ಮಾದರಿ ಅದೇ ವರ್ಷ ತಯಾರಿಕೆ ನಿಲ್ಲಿಸಿಕೊಂಡಿತು. ಅದು ಹಳತಾಯಿತೆಂದು ನಿಂತದ್ದಲ್ಲ.

"ಆ ಹದಿನಾಲ್ಕು ಮಕ್ಕಳಲ್ಲಿ ಮುಂದುಗಡೆ ಕೂತ್ಕೊಳೋದು ಯಾರು ಅಪ್ಪಾ?" ಎಂದು ಮೊಮ್ಮಗಳು ಕೇಳಿದಳು. ಆಮೇಲೆ ಯಾರೂ 80,000ದ ಮಾತೆತ್ತಲಿಲ್ಲ.

ಉಳಿದ ಗಿರಾಕಿಗಳ ವಿಷಯವೂ ಅವರಿಗೆ ಇದ್ದಕ್ಕಿದ್ದಂತೆ ತೊಡಕಾಯಿತು. ಗಾಡಿ ಮಾರಿದರೆ ಅಪಾಯ ಮಾಯವಾಗುವುದಿಲ್ಲ, ಕೈ ಬದಲಾಗುತ್ತದೆ. ಇವರ ಮನೆಯಲ್ಲಿ ವಾರಕ್ಕೆರಡು ಸಲ ಮೂವತ್ತರ ವೇಗದಲ್ಲಿ ಹೋಗುವ ವ್ಯಾನು ಇನ್ನೊಬ್ಬರ ಕೈಯಲ್ಲಿ ರಾತ್ರಿ ಹೆದ್ದಾರಿಯಲ್ಲಿ ಎಂಬತ್ತರಲ್ಲಿ ಓಡಬಹುದು. ಮಾರುವವರು ಇಷ್ಟೆಲ್ಲ ಯೋಚಿಸುತ್ತ ಕೂತರೆ ಹಳೆಯ ಗಾಡಿಗಳ ಪೇಟೆಯೇ ಮುಚ್ಚಬೇಕಾದೀತು, ನಿಜ. ಆದರೂ ಯೋಚಿಸಿದ್ದು ತಪ್ಪೇನಲ್ಲ.

2021ರಲ್ಲಿ ಕೇಂದ್ರ ಸರ್ಕಾರ ತಂದ ಗುಜರಿ ನೀತಿಯನ್ನೂ ನೋಡಿದರು. ನೋಂದಾಯಿತ ಕೇಂದ್ರಕ್ಕೆ ಗಾಡಿ ಒಪ್ಪಿಸಿದರೆ ಒಂದು ಪ್ರಮಾಣಪತ್ರ ಸಿಗುತ್ತದೆ. ಹೊಸ ಗಾಡಿ ಕೊಳ್ಳುವಾಗ ರಸ್ತೆ ತೆರಿಗೆಯಲ್ಲಿ ಶೇ. 25ರವರೆಗೆ ರಿಯಾಯಿತಿಗೆ ಅವಕಾಶವಿದೆ. ಆದರೆ ಹೊಸದನ್ನು ಕೊಳ್ಳುವ ಲೆಕ್ಕ ನೋಟ್‌ಬುಕ್ಕಿನಲ್ಲೇ ಬಿದ್ದುಹೋಗಿತ್ತಲ್ಲ! ಆಟೋದಲ್ಲೇ ಓಡಾಡಿದರೆ ಇದಕ್ಕಿಂತ ಅಗ್ಗ ಎಂದು ಸೊಸೆ ಹೇಳಿದ್ದು ಪೂರ್ತಿ ಸರಿ. ಅಜ್ಜಿಯ ಮಂಡಿ ಮಾತ್ರ ಆಟೋ ಹತ್ತಲು ಒಪ್ಪಲಿಲ್ಲ.

ಕೊನೆಗೆ ಇಟ್ಟುಕೊಳ್ಳುವುದೆಂದಾಯಿತು, ಐದು ವರ್ಷಕ್ಕೆ, ಊರೊಳಗೆ ಮಾತ್ರ. 2023ರಲ್ಲಿ ತೆರೆದ ಮೈಸೂರಿನ ಎಕ್ಸ್‌ಪ್ರೆಸ್ ಹೆದ್ದಾರಿಗೆ ಅದನ್ನು ಹತ್ತಿಸುವಂತಿಲ್ಲ. ಯಾವುದಕ್ಕಾಗಿ ತಾತ ವ್ಯಾನು ಕೊಂಡರೋ ಆ ನಂಜನಗೂಡಿಗೆ ಇನ್ನು ಚಾಮರಾಜನಗರದ ರೈಲಿನಲ್ಲಿ ಹೋಗುವುದು. ಮೊಮ್ಮಗಳು ಡ್ರೈವಿಂಗ್ ಕಲಿಯುವುದು ಡ್ರೈವಿಂಗ್ ಸ್ಕೂಲಿನ ಕಾರಿನಲ್ಲಿ. ಹಿಂದಿನ ಸೀಟಿಗೂ ಬೆಲ್ಟ್ ಹಾಕಿಸಬೇಕು. ಐದು ವರ್ಷವಾದ ಮೇಲೆ ಯಾರಿಗೂ ಮಾರದೆ ಗುಜರಿ ಕೇಂದ್ರಕ್ಕೇ ಕೊಡುವುದು. ಸೊಸೆಗೆ ಈ ತೀರ್ಮಾನ ಅರ್ಧ ಮಾತ್ರ ಒಪ್ಪಿಗೆ. 3.4 ಮೀಟರ್ ಉದ್ದ, 1.4 ಮೀಟರ್ ಅಗಲದ ಗಾಡಿ ಸಾರ್ವಜನಿಕ ರಸ್ತೆಯ ಐದು ಚದರ ಮೀಟರನ್ನು ಹಗಲೂ ರಾತ್ರಿ ಹಿಡಿದುಕೊಂಡಿರುತ್ತದೆ, ಅದಕ್ಕೆ ಬಾಡಿಗೆ ಕೊಡುವವರು ಯಾರು ಎಂದು ಅವರು ಕೇಳಿದ ಪ್ರಶ್ನೆಗೆ ಮನೆಯಲ್ಲಿ ಉತ್ತರವಿರಲಿಲ್ಲ. ಬೆಂಗಳೂರಿನಲ್ಲೂ ಇದ್ದಂತಿಲ್ಲ.

ಎಫ್.ಸಿ.ಗೆ ಒಯ್ಯುವ ಮುಂಚೆ ಮೆಕ್ಯಾನಿಕ್ ಬಂದು ಟೈರುಗಳನ್ನು ನೋಡಿದ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಅಚ್ಚಾಗಿರುತ್ತದೆ. ಮೊದಲೆರಡು ವಾರ, ಕೊನೆಯೆರಡು ವರ್ಷ. ನಾಲ್ಕರ ಮೇಲೂ 3215 ಎಂದಿತ್ತು, 2015ರ ಮೂವತ್ತೆರಡನೆಯ ವಾರ. ಅಚ್ಚು ಸವೆದಿರಲಿಲ್ಲ, ಆದರೆ ರಬ್ಬರು ಬಿರಿದಿತ್ತು. ಓಡದಿದ್ದರೂ ಬಿಸಿಲು, ಗಾಳಿ ತಮ್ಮ ಕೆಲಸ ಮಾಡುತ್ತಿರುತ್ತವೆ. ಆಮೇಲೆ ಸ್ಟೆಪ್ನಿ ತೆಗೆದ. ಅದರ ಮೇಲಿದ್ದದ್ದು 0406. ಇಪ್ಪತ್ತು ವರ್ಷದಲ್ಲಿ ಅದು ಒಮ್ಮೆಯೂ ನೆಲ ಮುಟ್ಟಿರಲಿಲ್ಲ. ತಾತ ತಿಂಗಳಿಗೊಮ್ಮೆ ಅದಕ್ಕೂ ಗಾಳಿ ಹೊಡೆಸುತ್ತಿದ್ದರು. "ಇದನ್ನೂ ಬಿಸಾಕ್ಬೇಕು ಸಾರ್" ಎಂದ ಮೆಕ್ಯಾನಿಕ್. ಐದು ಹೊಸ ಟೈರಿಗೆ ಆರ್ಡರ್ ಕೊಟ್ಟರು.